ನಾಯಿಯ ಪಾಲು

ಬುರುಲ್ಚಾ ನಮ್ಮ ಮನೆಗೆ ಸೊಸೆಯಾಗಿ ಬಂದು ಹದಿಮೂರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ, ಆಸ್ಪತ್ರೆಯ ದಿನಗಳನ್ನು ಬಿಟ್ಟರೆ, ಕಾಲುವೆಯಿಂದ ನೀರು ಹೊರುವ ಕೆಲಸದಿಂದ ಅವಳಿಗೆ ಬಿಡುವು ಸಿಕ್ಕಿದ್ದು ನಾಲ್ಕೇ ತಿಂಗಳು. ಆಗ ಅವಳ ಹೊಟ್ಟೆಯ ಬಲಭಾಗ ಉಬ್ಬಿಕೊಂಡಿತ್ತು, ಅದು ಗಂಡು ಕೂಸೆಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದರು.

"ಬಲಗಡೆ ಕೂತಿದೆ ಅಂದ್ಮೇಲೆ ಗಂಡೇ. ನಾನು ಐದು ಹೆತ್ತಿದೀನಿ, ನನಗೆ ಹೇಳ್ಕೊಡ್ಬೇಡಿ."

"ಅಪಾ, ನಾನು ತಿಂಗಳು ತಿಂಗಳೂ ಹೊರಗಾಗ್ತಾ ಇದೀನಿ" ಎಂದು ಬುರುಲ್ಚಾ ಅತ್ತೆಗೆ ಮೆತ್ತಗೆ ಹೇಳಿದಳು.

"ಕೆಲವರಿಗೆ ಹಂಗೂ ಆಗತ್ತೆ. ಸುಮ್ನೆ ಕೆನೆ ತಿನ್ನು."

ಕೆನೆ ತಿಂದಳು. ಕೊನೆಗೊಂದು ದಿನ ಅವಳು ನೋವು ತಡೆಯಲಾರದಾದಾಗ ನಾನೇ ಅವಳನ್ನು ಪ್ರಾಂತ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಕಂಡಿದ್ದು ಕೂಸಲ್ಲ. ಲಿವರಿನಲ್ಲಿ ಬೆಳೆದ, ಎಳೆಗೂಸಿನ ತಲೆಯಷ್ಟು ದೊಡ್ಡ ನೀರುಗುಳ್ಳೆ. ಅದರೊಳಗೆ ನಾಯಿಯ ಹುಳುವಿನ ಸಾವಿರಾರು ಮರಿಗಳು. ಮನೆಗೆ ಬಂದು ಹೇಳಿದ ಸಂಜೆಯೇ ಅತ್ತೆ ಬಕೆಟ್ಟುಗಳನ್ನು ತಂದು ಅವಳ ಮುಂದಿಟ್ಟರು. ಶಸ್ತ್ರಚಿಕಿತ್ಸೆಗೆ ಇನ್ನೂ ಒಂಬತ್ತು ದಿನವಿತ್ತು, ಆ ಒಂಬತ್ತು ದಿನ ಯಾಕೆ ದಂಡವಾಗಬೇಕು?

ನಾನು ಬುರುಲ್ಚಾಳ ಓರಗಿತ್ತಿ. ಅವಳ ಗಂಡ ಎಸೆನ್‌ಕುಲ್‌ನ ಅಣ್ಣನನ್ನು ಕಟ್ಟಿಕೊಂಡವಳು. ನನ್ನ ಗಂಡನ ವಿಷಯ ಇಲ್ಲಿ ಬರುವುದಿಲ್ಲ, ಬರೆಯುವಂಥದ್ದನ್ನು ಅವನು ಇನ್ನೂ ಏನೂ ಮಾಡಿಲ್ಲ. ನಮ್ಮ ಕಿರ್ಗಿಜರಲ್ಲಿ ಕೊನೆಯ ಮಗನಿಗೆ ಮನೆ, ಮನೆಯ ಜೊತೆಗೆ ತಾಯಿ. ಆ ತಾಯಿಯ ಚಾಕರಿ ಕೊನೆಯ ಸೊಸೆಗೆ. ನಾನು ಕಾಲುವೆಯ ಆಚೆ ದಡದಲ್ಲಿ ಬೇರೆ ಮನೆ ಮಾಡಿಕೊಂಡು ಬಚಾವಾದೆ. ಅತ್ತೆಯ ಹೆಸರನ್ನು ನಾವು ಸೊಸೆಯರು ಬಾಯಲ್ಲಿ ಆಡುವಂತಿಲ್ಲ. ಬರೆಯುವಾಗಲೂ ಕೈ ಹಿಂದೇಟು ಹಾಕುತ್ತದೆ, ಹಾಗಾಗಿ ಅತ್ತೆ ಎಂದೇ ಇರಲಿ.

ಎಸೆನ್‌ಕುಲ್‌ಗೆ ನಲವತ್ತು ಕುರಿ, ಎರಡು ಕುದುರೆ, ಒಂದು ಬೇಟೆನಾಯಿ. ನಾಯಿಯ ಹೆಸರು ಉಚಾರ್. ಉದ್ದ ಕಾಲಿನ, ರೇಷ್ಮೆಯಂಥ ಕಿವಿಯ ತಾಯ್ಗನ್ ತಳಿ. ವರ್ಷಕ್ಕೆ ಎರಡು ನರಿ ಹಿಡಿಯುತ್ತದೆ, ಆ ಎರಡು ನರಿಗಳ ಕಥೆಯನ್ನು ಎಸೆನ್‌ಕುಲ್ ಉಳಿದ ಮುನ್ನೂರ ಅರವತ್ಮೂರು ದಿನವೂ ಹೇಳುತ್ತಾನೆ. ನಾಯಿ ಅವನದು. ಅದರ ಮೈ ಬಾಚುವುದು, ಬಾಗಿಲ ಬಳಿ ಅದು ಮಲಗುವ ಕಂಬಳಿ ಕೊಡವುವುದು, ಅಂಗಳದಲ್ಲಿ ಅದು ಮಾಡಿದ ಹೇಲು ಬಾಚಿ ಎಸೆಯುವುದು, ಅದೇ ಅಂಗಳದ ಮೂಲೆಯಲ್ಲಿ ಬೆಳೆದ ಈರುಳ್ಳಿ ಎಲೆ ಕಿತ್ತು ತಂದು ಹಿಟ್ಟು ನಾದುವುದು ಬುರುಲ್ಚಾಳದು. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಾಳೆ? ಅವಳೇ ಹೊತ್ತು ತಂದ ನೀರಿನಲ್ಲಿ, ಅತ್ತೆಯ ಕಣ್ಣೆದುರು, ಎಷ್ಟು ಸಲ ತೊಳೆಯಲು ಸಾಧ್ಯವೋ ಅಷ್ಟು ಸಲ.

ಆ ಮೊದಲ ಶಸ್ತ್ರಚಿಕಿತ್ಸೆ ಮಾಡಿದವರು ಗಿಡ್ಡಗಿನ, ಸಿಡುಕು ಮುಖದ ಒಬ್ಬ ಹೆಂಗಸು. ವಾರ್ಡಿನಲ್ಲಿ ಹನ್ನೊಂದು ಹಾಸಿಗೆ, ಒಂಬತ್ತರಲ್ಲಿ ಹೆಂಗಸರೇ ಮಲಗಿದ್ದರು. ಡಾಕ್ಟರು ಬುರುಲ್ಚಾಳ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದರು:

"ಮನೇಲಿ ಕುರಿ ಕಡಿಯೋದು ಯಾರು?"

"ಅವರು. ನನ್ನ ಮಗಳ ಅಪ್ಪ."

"ಲಿವರಲ್ಲಿ ಬಿಳಿ ಗುಳ್ಳೆ ಸಿಕ್ಕಿದ್ರೆ ಏನ್ಮಾಡ್ತಾನೆ?"

"ನಾಯಿಗೆ ಹಾಕ್ತಾರೆ. ಎಲ್ರೂ ಹಂಗೇ ಮಾಡೋದು."

"ಎಲ್ರೂ ಮಾಡ್ತಾರೆ, ಅದಕ್ಕೇ ನನಗೆ ಊಟ ಮಾಡಕ್ಕೂ ಪುರುಸೊತ್ತಿಲ್ಲ." ಆಮೇಲೆ ಸಿಡುಕದೆ, ಮಗುವಿಗೆ ಹೇಳುವ ಹಾಗೆ ಹೇಳಿದರು. ಕುರಿಯ ಲಿವರಿನ ಗುಳ್ಳೆಯೊಳಗೆ ಮರಿಗಳಿರುತ್ತವೆ. ಹಸಿ ಲಿವರ್ ತಿಂದ ನಾಯಿಯ ಕರುಳಿನಲ್ಲಿ ಅವು ಒಂದೂವರೆ ತಿಂಗಳಿಗೆ ದೊಡ್ಡವಾಗುತ್ತವೆ. ದೊಡ್ಡವು ಅಂದರೆ ಅಕ್ಕಿ ಕಾಳಿಗಿಂತ ಚಿಕ್ಕವು. ಬಾಯಿಲ್ಲ, ಹೊಟ್ಟೆಯಿಲ್ಲ, ನಾಯಿ ತಿಂದು ಅರಗಿಸಿದ್ದನ್ನು ಚರ್ಮದಿಂದಲೇ ಹೀರಿಕೊಂಡು ಮೊಟ್ಟೆಯಿಡುತ್ತಾ ಕೂರುತ್ತವೆ. ಮೊಟ್ಟೆಗಳು ನಾಯಿಯ ಹೇಲಿನಲ್ಲಿ ಹೊರಬಿದ್ದು ಅದರ ರೋಮಕ್ಕೆ, ಹುಲ್ಲಿಗೆ, ನೀರಿಗೆ ಅಂಟುತ್ತವೆ. ಹುಲ್ಲು ತಿಂದ ಕುರಿಯ ಲಿವರಿನಲ್ಲಿ ಮತ್ತೆ ಗುಳ್ಳೆ. ಹುಳುವಿನ ಸಂಸಾರ ನಡೆಯುವುದು ಕುರಿ ಮತ್ತು ನಾಯಿಯ ನಡುವೆ.

"ಮತ್ತೆ ನಾನ್ಯಾಕೆ ಮಧ್ಯದಲ್ಲಿ?" ಎಂದಳು ಬುರುಲ್ಚಾ.

"ನೀನು ನಾಯಿ ಮೈ ಬಾಚ್ತೀಯ, ಅಂಗಳ ಗುಡಿಸ್ತೀಯ. ಮೊಟ್ಟೆ ನಿನ್ನ ಕೈಗೆ ಬರತ್ತೆ, ಕೈಯಿಂದ ಬಾಯಿಗೆ. ಅದಕ್ಕೆ ನೀನು ಕುರಿಯೋ ಹೆಂಗಸೋ ಗೊತ್ತಾಗಲ್ಲ. ಕರುಳು ತೂತು ಮಾಡ್ಕೊಂಡು ಲಿವರಿಗೆ ಹೋಗಿ ಕೂತ್ಕೊಳತ್ತೆ. ನಿನ್ನ ಮೈ ಅದರ ಸುತ್ತ ಗಟ್ಟಿ ಗೋಡೆ ಕಟ್ಟತ್ತೆ, ಅದು ಆ ಗೋಡೆ ಒಳಗೇ ಆರಾಮಾಗಿ ಹತ್ತು ವರ್ಷ ಬೆಳಿಯತ್ತೆ. ನಿನ್ನನ್ನ ಯಾವಾಗ ನಾಯಿ ತಿನ್ನತ್ತೋ ಅಂತ ಕಾಯ್ತಾ ಇರತ್ತೆ, ಅಷ್ಟೇ."

ಬುರುಲ್ಚಾ ನಕ್ಕಳು. ಹೊಲಿಗೆ ಎಳೆದು ನೋವಾಗಿ ನಗು ನಿಲ್ಲಿಸಿದಳು.

ಡಾಕ್ಟರು ಹೇಳಿ ಕಳಿಸಿದ್ದು ಎರಡೇ ಮಾತು. ಗುಳ್ಳೆಯಿರುವ ಲಿವರ್, ಪುಪ್ಪುಸ ಯಾವುದನ್ನೂ ನಾಯಿಗೆ ಹಸಿಯಾಗಿ ಹಾಕಬಾರದು. ಆಳವಾಗಿ ಹೂಳಬೇಕು, ಇಲ್ಲವೇ ಮುಕ್ಕಾಲು ಗಂಟೆ ಕುದಿಸಬೇಕು. ಒಂದೂವರೆ ತಿಂಗಳಿಗೊಮ್ಮೆ ನಾಯಿಗೆ ಹುಳದ ಮಾತ್ರೆ ತಿನ್ನಿಸಬೇಕು. ಇಷ್ಟನ್ನೇ ಬುರುಲ್ಚಾ ಮನೆಗೆ ಬಂದು ಹೇಳಿದಳು.

ಎಸೆನ್‌ಕುಲ್ ಉಚಾರನ ಬೆನ್ನಿನ ಮೇಲೆ ಕೈಯಾಡಿಸಿದ. "ಇದನ್ನ ನೋಡು. ಕನ್ನಡಿ ಥರ ಹೊಳೀತಿದೆ. ರೋಗದ ನಾಯಿ ಹಿಂಗಿರತ್ತಾ? ಡಾಕ್ಟ್ರಿಗೆ ಏನ್ ಗೊತ್ತು, ಅವಳೇನು ಬೇಟೆಗೆ ಹೋಗಿದಾಳಾ?"

"ಅದೇ ಹುಳದ ಹುಷಾರಿತನ. ನಾಯಿಗೆ ಏನೂ ಮಾಡಲ್ಲ. ನಾಯಿ ಚೆನ್ನಾಗಿದ್ರೇ ತಾನೇ ಅದು ಚೆನ್ನಾಗಿರೋದು."

"ಮಾತ್ರೆ ತಿನ್ಸಿದ್ರೆ ಮೂಗು ಸತ್ತೋಗತ್ತೆ. ವಾಸನೆ ಹತ್ತಲ್ಲ. ಆಮೇಲೆ ನರಿ ಹಿಡಿಯೋಕೆ ನೀನು ಓಡ್ತೀಯಾ?"

ಅತ್ತೆಯ ತೀರ್ಪು ಇನ್ನೂ ಸರಳವಾಗಿತ್ತು. "ನಾಯಿ ನಮ್ಮತ್ತೆ ಕಾಲದಿಂದಲೂ ಇದೆ. ನನಗೆ ಗುಳ್ಳೆ ಆಯ್ತಾ? ಗಲೀಜು ಕೈಯೋಳಿಗೆ ಆಗತ್ತೆ." ಅತ್ತೆಯ ಕಾಲದಲ್ಲಿ ಸರ್ಕಾರಿ ಸಾಮೂಹಿಕ ಬೇಸಾಯದ ಪಶುವೈದ್ಯ ಮನೆಮನೆಗೆ ಬಂದು ನಾಯಿಗಳ ಬಾಯಿಗೆ ಮಾತ್ರೆ ತುರುಕುತ್ತಿದ್ದ, ಕುರಿ ಕಡಿಯುತ್ತಿದ್ದುದು ಕಸಾಯಿಖಾನೆಯಲ್ಲಿ. ಅದೆಲ್ಲ ಮುಚ್ಚಿ ಎಷ್ಟೋ ವರ್ಷವಾಗಿದೆ. ಇದನ್ನು ನಾನು ಹೇಳಿದೆ. "ಬೇರೆ ಮನೆ ಮಾಡಿದೋಳಿಗೆ ಈ ಮನೆ ಮಾತ್ಯಾಕೆ" ಎಂದರು. ಗಲೀಜು ಎಂಬ ಹೆಸರು ಮಾತ್ರ ಊರೆಲ್ಲ ಹರಡಿತು. ಬುರುಲ್ಚಾ ನಾದಿದ ಹಿಟ್ಟಿನ ರೊಟ್ಟಿಯನ್ನು ಮೂಸಿ ನೋಡಿ ತಿನ್ನುವ ಹೆಂಗಸರನ್ನು ನಾನೇ ಕಂಡಿದ್ದೇನೆ. ಅವರಲ್ಲಿ ಇಬ್ಬರಿಗೆ ಈಗ ಗುಳ್ಳೆಯಾಗಿದೆ.

ಆರು ವರ್ಷ ಕಳೆಯಿತು. ಹೋದ ವರ್ಷ ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಡೇರೆ ಹಾಕಿಕೊಂಡಿದ್ದಾಗ, ಕುದುರೆಯ ಹಾಲು ಕರೆಯುತ್ತಿದ್ದ ಬುರುಲ್ಚಾಳಿಗೆ ಕೆಮ್ಮು ಬಂತು. ಕೆಮ್ಮಿದಾಗ ಬಾಯಿತುಂಬ ಉಪ್ಪುನೀರು, ಜೊತೆಗೆ ದ್ರಾಕ್ಷಿಯ ಸಿಪ್ಪೆಯಂಥ ತೆಳ್ಳನೆಯ ಪೊರೆ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಕುದುರೆಯ ಮೇಲೆ, ಆಮೇಲೆ ಲಾರಿಯಲ್ಲಿ, ಆಮೇಲೆ ಯಾರದೋ ಕಾರಿನಲ್ಲಿ ರಾಜಧಾನಿಗೆ ಸಾಗಿಸಿದೆವು. ಈ ಸಲ ಗುಳ್ಳೆ ಇದ್ದದ್ದು ಪುಪ್ಪುಸದಲ್ಲಿ. ಎದೆ ಸೀಳಿ ತೆಗೆದರು. ಮತ್ತೆ ಬಂದರೆ ಮೂರನೆಯ ಸಲ ಚಾಕು ಹಾಕುವುದು ಕಷ್ಟ ಎಂದು ಹೇಳಿ ಕಳಿಸಿದರು.

ಐದು ವಾರದ ಮೇಲೆ ಅವಳನ್ನು ಮನೆಗೆ ಕರೆತಂದಾಗ ಅಂಗಳದಲ್ಲಿ ಉಚಾರ್ ಕಾಲು ಚಾಚಿ ಬಿದ್ದುಕೊಂಡಿತ್ತು. ಅದರ ಪಕ್ಕ ಮಂಡಿಯೂರಿ ಬೆಗಾಯ್ ಬಾಚುತ್ತಿದ್ದಳು. ಬೆಗಾಯ್ ಬುರುಲ್ಚಾಳ ಒಬ್ಬಳೇ ಮಗಳು, ಹನ್ನೊಂದು ವರ್ಷ. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬೊರ್ಸೊಕ್, ಅಜ್ಜಿ ಎಣ್ಣೆಯಲ್ಲಿ ಕರಿದು ಕೊಟ್ಟ ಹಿಟ್ಟಿನ ತುಂಡು.

ಬುರುಲ್ಚಾ ಗೇಟಿನಲ್ಲೇ ನಿಂತಳು. ಆಸ್ಪತ್ರೆಯಲ್ಲಿ, ದಾರಿಯಲ್ಲಿ, ಎದೆಯಿಂದ ಕೊಳವೆ ಎಳೆದಾಗ ಕೂಡ ನಾನು ಅವಳ ಮುಖದಲ್ಲಿ ಕಾಣದಿದ್ದ ಬಣ್ಣ ಆಗ ಕಂಡೆ.

"ಯಾರು ಹೇಳಿದ್ದು ನಿನಗೆ ಇದನ್ನ ಮಾಡಕ್ಕೆ?"

"ಅಜ್ಜಿ. ನೀನಿಲ್ವಲ್ಲ, ಮತ್ಯಾರು ಮಾಡ್ಬೇಕು? ಅಮ್ಮಾ, ನಾನು ನಿನಗಿಂತ ಚೆನ್ನಾಗಿ ಬಾಚ್ತೀನಂತೆ, ಅಪ್ಪ ಹೇಳಿದ್ರು."

ಬುರುಲ್ಚಾ ಬೊರ್ಸೊಕ್ ಕಿತ್ತು ಬಿಸಾಡಿ ಮಗಳ ಕೈಯನ್ನು ಸೋಪು ಹಾಕಿ ತಿಕ್ಕಿದಳು, ಹುಡುಗಿ ಅಳುವವರೆಗೂ. ಅಂದು ನನ್ನ ಹತ್ತಿರ ಒಂದೇ ಮಾತು ಆಡಿದಳು. "ಅಕ್ಕಾ, ನನಗಾದ್ದು ಆಯ್ತು. ಇವಳಿಗೆ ಆಗ್ಬಾರ್ದು. ಆ ನಾಯಿ ಬಾಯಿಗೆ ಇನ್ನೊಂದು ಹಸಿ ಲಿವರ್ ಹೋಗ್ಬಾರ್ದು."

ಮಾತ್ರೆ ತಂದದ್ದು ನಾನು. ಕುರಿಯ ಬಾಲದ ಕೊಬ್ಬಿನಲ್ಲಿ ಸುತ್ತಿ ಉಚಾರನಿಗೆ ತಿನ್ನಿಸಿದ್ದು ಅವಳು, ಗಂಡ ಇಲ್ಲದಾಗ. ಆದರೆ ಲಿವರ್ ನಿಲ್ಲದೆ ಮಾತ್ರೆಯಿಂದ ಏನು ಪ್ರಯೋಜನ? ಇವತ್ತು ಕರುಳು ಚೊಕ್ಕ, ನಾಳೆ ಮತ್ತೆ ಅದರ ತುಂಬ ಹುಳದ ನೆಂಟರು.

ಎರಡು ವಾರವಾಗಿತ್ತು. ಎಸೆನ್‌ಕುಲ್‌ಗೆ ದೇವರ ನೆನಪು ಬಂತು. ಹೆಂಡತಿ ಬದುಕಿ ಬಂದಳಲ್ಲ, ಕೃತಜ್ಞತೆಗೆ ಒಂದು ಕುರಿ ಕಡಿದು ಊರಿನ ಹಿರಿಯರಿಗೆ ಉಣ್ಣಿಸಬೇಕು. ಮುಲ್ಲಾ ಬರುತ್ತಾರೆ, ಆರು ಜನ ಹಿರಿಯರು ಬರುತ್ತಾರೆ, ಪ್ರಾರ್ಥನೆ ಆಗುತ್ತದೆ. ಬುರುಲ್ಚಾಳ ಆರೋಗ್ಯಕ್ಕಾಗಿ ನಡೆಯುವ ಈ ಔತಣಕ್ಕೆ ಬುರುಲ್ಚಾ ಬೆಳಗಿನಿಂದ ಹಿಟ್ಟು ನಾದಿದಳು, ಬೊರ್ಸೊಕ್ ಕರಿದಳು, ಚಹಾದ ನೀರು ಕಾಯಿಸುವ ಸಮೊವಾರಿಗೆ ಕೆಂಡ ಹಾಕಿದಳು, ಕಂಬಳಿ ಹಾಸಿದಳು. ಬೋಟಿ, ಕರುಳು ತೊಳೆಯಲು ಅವಳನ್ನೇ ಕಾಲುವೆಗೆ ಕಳಿಸುವವರಿದ್ದರು. ನಾನು ಬಂದು ಅಡ್ಡ ನಿಂತೆ.

"ಎದೆ ಹೊಲಿಗೆ ಇನ್ನೂ ಒಣಗಿಲ್ಲ ಅಪಾ."

"ಎದೆಗೆ ಹೊಲಿಗೆ, ಕೈಗೇನಾಗಿದೆ?" ಎಂದರು ಅತ್ತೆ.

ಎಸೆನ್‌ಕುಲ್ ಕುರಿ ಕಡಿದ, ಸುಲಿದ, ಹೊಟ್ಟೆ ಸೀಳಿದ. ಅವನ ಕೈಚಳಕ ಒಪ್ಪಿಕೊಳ್ಳಬೇಕು, ವರ್ಷಕ್ಕೆ ಹತ್ತಿಪ್ಪತ್ತು ಸಲ ದೊರೆಯ ಹಾಗೆ ಕಾಣುತ್ತಾನೆ. ಮಾಂಸವನ್ನು ಪಾಲು ಮಾಡುವುದು ನಮ್ಮಲ್ಲಿ ದೊಡ್ಡ ವಿದ್ಯೆ. ತಲೆ ಯಾರಿಗೆ, ತೊಡೆಯ ಮೂಳೆ ಯಾರಿಗೆ, ಪಕ್ಕೆಲುಬು ಯಾರಿಗೆ ಎಂಬುದರಲ್ಲಿ ಒಂದು ಕೂದಲು ಹೆಚ್ಚುಕಡಿಮೆಯಾದರೂ ಮನೆಯ ಮಾನ ಹೋಗುತ್ತದೆ. ಸೊಸೆಯರಿಗೆ ಉಳಿದದ್ದು. ಹೊರಗೆ ಕೊಪ್ಪರಿಗೆಯಲ್ಲಿ ಮಾಂಸದ ಮೊದಲ ತುಂಡುಗಳು ಬೇಯಲು ಶುರುವಾಗಿದ್ದವು. ಬುರುಲ್ಚಾ ಬೆರಣಿ ತುರುಕುತ್ತಾ ಒಲೆಯ ಮುಂದೆ ಕೂತಿದ್ದಳು. ಹಿರಿಯರು ಕೆಲವರು ಬಿಸಿಲಿಗೆ ಅಂಗಳದಲ್ಲೇ ನಿಂತಿದ್ದರು.

ಲಿವರ್ ಹೊರಬಂತು. ಅದರ ಮೇಲೆ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯಂಥ ನಾಲ್ಕು ಬಿಳಿ ಗುಳ್ಳೆಗಳು.

ಹೆಂಡತಿಯ ಹೊಟ್ಟೆಯಿಂದ ಒಂದು, ಎದೆಯಿಂದ ಒಂದು ತೆಗೆಸಿ, ಅದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಲು ಕಡಿದ ಕುರಿಯ ಲಿವರಿನಲ್ಲಿ ಅದೇ ಗುಳ್ಳೆ ಕಂಡವನು ಏನು ಮಾಡಬೇಕು? ಎಸೆನ್‌ಕುಲ್ "ಛೆ, ಹುರಿಯೋಕೆ ಆಗಲ್ಲ" ಎಂದ. ಅಂಗಳದ ನಡುವೆ ಎಸೆದು ಶಿಳ್ಳೆ ಹಾಕಿದ.

ಉಚಾರ್ ಬಂದು ಲಿವರಿನ ಮುಂದೆ ಕೂತಿತು. ಮುಟ್ಟಲಿಲ್ಲ. ಎಸೆನ್‌ಕುಲ್ ರಕ್ತದ ಕೈಯನ್ನು ಮೇಲೆತ್ತಿ ಹಿರಿಯರ ಕಡೆ ತಿರುಗಿದ. "ನೋಡಿ ಈಗ. ನಾನು ಹೇಳೋವರೆಗೂ ಮುಟ್ಟಲ್ಲ. ಬಾಯಲ್ಲಿ ಜೊಲ್ಲು ಸುರೀತಾ ಇರ್ಲಿ, ಅಲ್ಲಾಡಲ್ಲ. ಇದಕ್ಕೇ ತಾಯ್ಗನ್ ಅನ್ನೋದು."

"ಒಳ್ಳೇ ಸಂಸ್ಕಾರ" ಎಂದ ಒಬ್ಬ ಮುದುಕ. ಇನ್ನೊಬ್ಬ ಉಚಾರನ ಅಪ್ಪನ ಗುಣಗಾನ ಶುರುಮಾಡಿದ. ಎಸೆನ್‌ಕುಲ್ ಕೈ ಇಳಿಸಲಿಲ್ಲ. ಹೊಗಳಿಕೆ ಇನ್ನೂ ಬರಲಿ ಎಂದು ಕಾದ.

ಅಷ್ಟರಲ್ಲಿ ಬುರುಲ್ಚಾ ಎದ್ದು ಬಂದಳು, ಬಗ್ಗಿ ಲಿವರ್ ಎತ್ತಿಕೊಂಡಳು, ಅವಸರವಿಲ್ಲದೆ ನಡೆದು ಹೋಗಿ ಕೊಪ್ಪರಿಗೆಯೊಳಗೆ ಹಾಕಿದಳು.

ನಾಯಿ ಅಲ್ಲಾಡಲಿಲ್ಲ. ಉಳಿದವರೂ ಅಲ್ಲಾಡಲಿಲ್ಲ.

"ಏನ್ ಮಾಡ್ದೆ ನೀನು?" ಎಸೆನ್‌ಕುಲ್‌ನ ಕೈ ಇನ್ನೂ ಮೇಲೆಯೇ ಇತ್ತು.

"ಬೇಯಕ್ಕೆ ಹಾಕ್ದೆ. ಮುಕ್ಕಾಲು ಗಂಟೆ ಕುದಿದ್ರೆ ಹುಳ ಸಾಯತ್ತೆ ಅಂತ ಡಾಕ್ಟ್ರು ಹೇಳಿದಾರೆ. ಮಾಂಸ ಹೆಂಗೂ ಮೂರು ಗಂಟೆ ಕುದಿಬೇಕು."

"ಅದು ನೆಂಟರ ಪಾತ್ರೆ ಕಣೇ."

"ಗೊತ್ತು, ಬೆಗಾಯ್ ಅಪ್ಪ. ನಾನೇ ತೊಳೆದಿಟ್ಟಿದ್ದು."

ಮುಲ್ಲಾ ಒಲೆಯ ಹತ್ತಿರ ಬಂದು ಇಣುಕಿದರು. ಸಾರಿನ ಮೇಲೆ ಗುಳ್ಳೆಗಳು ಇನ್ನಷ್ಟು ಬಿಳಿಚಿಕೊಂಡು ತೊಡೆಯ ಮಾಂಸದ ಪಕ್ಕದಲ್ಲಿ ತಿರುಗುತ್ತಿದ್ದವು. ಅವರು ಹಿಂದೆ ಸರಿದರು. ಸಂಸ್ಕಾರ ಎಂದಿದ್ದ ಮುದುಕ ಗದರಿದ: "ನಾಯಿಗೆ ಹಾಕೋದನ್ನ ತಂದು ದೊಡ್ಡೋರ ಪಾತ್ರೆಗೆ ಹಾಕ್ತೀಯಲ್ಲ ಮಗಳೇ, ಬುದ್ಧಿ ಇದೆಯಾ?"

ಸೊಸೆಯಾದವಳು ಹಿರಿಯರ ಮುಂದೆ ದನಿ ಎತ್ತಬಾರದು. ಬುರುಲ್ಚಾ ಎತ್ತಲೂ ಇಲ್ಲ. ದಿನವೂ ಚಹಾ ಬೇಕೇ ಎಂದು ಕೇಳುವ ದನಿಯಲ್ಲೇ ಹೇಳಿದಳು:

"ನಾಯಿಗೆ ಹಾಕಿದ್ದು ಸುತ್ತಿ ಬಳಸಿ ನನ್ನೊಳಗೇ ಬರೋದು, ತಾತ. ಎರಡು ಸಲ ಬಂದಿದೆ. ಇನ್ನು ನನ್ನ ಮಗಳೊಳಗೆ ಹೋಗತ್ತೆ. ಅಷ್ಟು ಸುತ್ತೋದ್ಯಾಕೆ, ಇಲ್ಲೇ ಬೇಯಿಸಿ ಎಲ್ರೂ ಒಟ್ಟಿಗೆ ತಿಂದುಬಿಡೋಣ ಅಂತ. ಬೆಂದ ಮೇಲೆ ಅದ್ರಿಂದ ಏನೂ ಆಗಲ್ಲ. ಹಸೀದಕ್ಕಿಂತ ಸಾವಿರ ಪಾಲು ವಾಸಿ."

ಅತ್ತೆ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು. ಹಿರಿಯರು ಒಳಗೆ ಹೋಗಿ ಚಹಾ ಕುಡಿದರು, ರೊಟ್ಟಿ ಮುರಿದರು. ಮುಲ್ಲಾ ಬಹಳ ಚುಟುಕಾದ ಪ್ರಾರ್ಥನೆ ಮಾಡಿದರು. ಒಬ್ಬನಿಗೆ ಕುದುರೆ ಕಟ್ಟುವುದಿತ್ತು, ಇನ್ನೊಬ್ಬನಿಗೆ ಮಂಡಿನೋವು, ಮತ್ತೊಬ್ಬನ ಮನೆಗೆ ಯಾರೋ ಬರುವವರಿದ್ದರು. ಮಾಂಸ ಬೇಯುವ ಹೊತ್ತಿಗೆ ಅಂಗಳ ಖಾಲಿ. ಗುಳ್ಳೆ ತುಂಬಿದ ಲಿವರನ್ನು ತಮ್ಮ ನಾಯಿಗಳಿಗೆ ಹಾಕಿ, ಆ ನಾಯಿಗಳನ್ನು ತಮ್ಮ ಹೆಂಡತಿಯರ ಮಡಿಲಿಗೆ ಬಿಟ್ಟವರಿಗೆ ಅದೇ ಲಿವರ್ ಬೆಂದು ತೇಲಿದ್ದು ನೋಡಿ ವಾಕರಿಕೆ ಬಂತು.

ಲಿವರನ್ನು ಎತ್ತಿ ಹೊರಗೆ ಹಾಕಿ, ನಾನು, ಬುರುಲ್ಚಾ, ಬೆಗಾಯ್ ಊಟಕ್ಕೆ ಕೂತೆವು. ಹಿರಿಯರ ಪಾಲಿನ ತೊಡೆ ಮಾಂಸವನ್ನು ನಾನು ಜೀವಮಾನದಲ್ಲಿ ಮೊದಲ ಸಲ ತಿಂದದ್ದು ಅಂದು. ಚೆನ್ನಾಗಿತ್ತು.

ಎಸೆನ್‌ಕುಲ್ ಹೊಡೆಯಲಿಲ್ಲ, ಎದೆಯ ಹೊಲಿಗೆ ಬಿಚ್ಚಿದರೆ ಮತ್ತೆ ರಾಜಧಾನಿಗೆ ಹೋಗಬೇಕಾಗುತ್ತದೆ ಎಂಬ ಲೆಕ್ಕ ಅವನಿಗೂ ಇತ್ತು. ಮಾತು ಬಿಟ್ಟ. ಅವನು ಮಾತು ಬಿಟ್ಟರೆ ಮನೆಯಲ್ಲಿ ನರಿಯ ಕಥೆ ನಿಲ್ಲುತ್ತದೆ, ಆ ಎರಡು ತಿಂಗಳು ಬುರುಲ್ಚಾ ಒಂಚೂರು ಮೈ ತುಂಬಿಕೊಂಡಳು. ಅತ್ತೆ "ತವರಿಗೆ ಹೋಗು" ಎಂದರು. "ಹೋಗ್ತೀನಿ ಅಪಾ. ಬೆಗಾಯ್‌ನ ಕರ್ಕೊಂಡು ಹೋಗ್ತೀನಿ. ನೀರು ಯಾರು ತರ್ತಾರೆ ಅಂತ ಗೊತ್ತು ಮಾಡ್ಕೊಳ್ಳಿ" ಎಂದಳು. ಆ ಮಾತು ಮತ್ತೆ ಬರಲಿಲ್ಲ.

ಬುರುಲ್ಚಾಳ ಎರಡು ಶಸ್ತ್ರಚಿಕಿತ್ಸೆಯಿಂದ ಆಗದ್ದು ಹಿರಿಯರ ನಾಲಿಗೆಯಿಂದ ಆಯಿತು. ಆ ಮನೆಯ ಸಾರಿನಲ್ಲಿ ಗುಳ್ಳೆ ತೇಲುತ್ತದೆ ಎಂಬ ಸುದ್ದಿ ಹಬ್ಬಿತು. ಎಸೆನ್‌ಕುಲ್ ಕರೆದರೆ ಯಾರೂ ಬರಲೊಲ್ಲರು. ನವೆಂಬರಿನಲ್ಲಿ ಚಳಿಗಾಲದ ಮಾಂಸಕ್ಕೆ ಕಡಿಯುವ ದಿನ ಹತ್ತಿರ ಬಂತು. ನೆಂಟರಿಲ್ಲದೆ ಕಡಿಯುವುದೆಂದರೆ ಜನವಿಲ್ಲದೆ ಹೆಣ ಹೂಳಿದಷ್ಟೇ ಅವಮಾನ. ಅಂದು ಬುರುಲ್ಚಾಳನ್ನು ಗದರಿದ್ದ ಮುದುಕ ಗೇಟಿನ ಹೊರಗೇ ಕುದುರೆ ನಿಲ್ಲಿಸಿ ಕೇಳಿದನಂತೆ: "ಮೊದಲು ಹೇಳು. ಕೆಟ್ಟ ಲಿವರ್ ಸಿಕ್ಕಿದ್ರೆ ಎಲ್ಲಿಗೆ ಹೋಗತ್ತೆ? ಮಣ್ಣಿಗೆ ಹೋಗೋದಾದ್ರೆ ಬರ್ತೀನಿ."

ಹೆಂಗಸಿನ ಪುಪ್ಪುಸದ ಬೆಲೆ ಬೇರೆ, ಗಂಡಸಿನ ನಾಲಿಗೆಯ ಬೆಲೆ ಬೇರೆ.

ಕಡಿಯುವ ದಿನ ಬೆಳಗ್ಗೆ ಎಸೆನ್‌ಕುಲ್ ಎರಡು ತಿಂಗಳ ನಂತರ ಹೆಂಡತಿಯ ಜೊತೆ ಬಾಯಿ ಬಿಟ್ಟ. ನಾನು ಅಲ್ಲೇ ಇದ್ದೆ.

"ಸರಿ. ಗುಳ್ಳೆ ಇದ್ರೆ ಹೂತುಹಾಕು. ಗುಂಡಿ ಈಗ್ಲೇ ತೋಡಿಟ್ಕೋ."

ಬುರುಲ್ಚಾ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿಸಿ, ಕೆಳಗಿಟ್ಟು, ಹೇಳಿದಳು:

"ನಾನು ತೋಡಲ್ಲ."

"ಮತ್ತೆ? ಇಷ್ಟು ದಿನ ಕುಣಿದಿದ್ದು ಇದಕ್ಕೇ ತಾನೇ?"

"ನಾಯಿ ನಿಮ್ದು, ಚಾಕು ನಿಮ್ದು, ನೆಂಟ್ರೂ ನಿಮ್ಮೋರು. ಗುಂಡೀನೂ ನೀವೇ ತೋಡಿ. ಇದನ್ನೂ ನನ್ನ ಕೆಲಸಕ್ಕೆ ಸೇರಿಸ್ಬೇಡಿ. ಬಾಚಣಿಗೆ ಗೂಟಕ್ಕೆ ನೇತ್ಹಾಕಿದೀನಿ, ಅದೂ ಇವತ್ತಿಂದ ನಿಮ್ದೇ. ಬೆಗಾಯ್ ಮುಟ್ಟಲ್ಲ, ನಾನೂ ಮುಟ್ಟಲ್ಲ."

ಅವನು ತಾಯಿಯ ಕಡೆ ನೋಡಿದ. ಅತ್ತೆ ಬಟ್ಟಲೊಳಗೆ ನೋಡುತ್ತಿದ್ದರು. ಗೇಟಿನಾಚೆ ಕುದುರೆಗಳ ಸದ್ದು ಕೇಳಿಸಿತು.

ನವೆಂಬರಿನಲ್ಲಿ ನಮ್ಮ ನೆಲ ಕಲ್ಲಾಗಿರುತ್ತದೆ. ಎಸೆನ್‌ಕುಲ್ ಹಾರೆ ಹಿಡಿದು ಕೊಟ್ಟಿಗೆಯ ಹಿಂದೆ ಹೋದ. ಹಾರೆ ಬಿದ್ದಲ್ಲೆಲ್ಲ ಪುಟಿದು ಬರುತ್ತಿತ್ತು. ಅರ್ಧ ಗಂಟೆಗೆ ಒಂದು ಬೋಗುಣಿಯಷ್ಟು ಮಣ್ಣು ಎದ್ದಿತು. ಕೋಟು ಬಿಚ್ಚಿದ, ಟೋಪಿ ಬಿಚ್ಚಿದ, ನೆಲಕ್ಕೆ ಬೈದ, ಡಾಕ್ಟರಿಗೆ ಬೈದ. ಹಿರಿಯರು ಬೇಲಿಗೆ ಒರಗಿ ನಿಂತು ಸಲಹೆ ಕೊಟ್ಟರು, ಹಾರೆ ಮಾತ್ರ ಯಾರೂ ಮುಟ್ಟಲಿಲ್ಲ. ಉಚಾರ್ ಪಕ್ಕದಲ್ಲಿ ಕೂತು ಅಪ್ಪಣೆಗಾಗಿ ಕಾಯುತ್ತಿತ್ತು.

ಮೊಟ್ಟೆಗಳು ಮಣ್ಣಿನಲ್ಲಿ ಒಂದು ವರ್ಷವಾದರೂ ಬದುಕುತ್ತವೆ ಎಂದು ಡಾಕ್ಟರು ಹೇಳಿದ್ದರು. ಆ ಐದು ವಾರ ಬೆಗಾಯ್ ಬಾಚಿದಳಲ್ಲ, ಅವಳೊಳಗೆ ಏನಾದರೂ ಹೋಗಿದೆಯೇ ಎಂದು ವರ್ಷ ವರ್ಷ ಸ್ಕ್ಯಾನ್ ಮಾಡಿಸಿಯೇ ನೋಡಬೇಕು. ಮೊದಲನೆಯದು ಬರುವ ವಸಂತದಲ್ಲಿ. ಅದರಲ್ಲಿ ಏನೂ ಕಾಣದಿದ್ದರೂ ನಿಶ್ಚಿಂತೆಯಿಲ್ಲ. ಹುಳುವಿಗೆ ಅವಸರವಿಲ್ಲ.

ಬುರುಲ್ಚಾ ಶಾಲು ಹೊದ್ದು ಹೊರಗೆ ಬಂದಳು. ಗುಂಡಿ ಮೊಣಕಾಲುದ್ದ ಆಗಿತ್ತು. ಎಸೆನ್‌ಕುಲ್ ಹಾರೆಯ ಮೇಲೆ ಒರಗಿ ಏದುಸಿರು ಬಿಡುತ್ತಿದ್ದ.

"ಸಾಕಾ?" ಎಂದ.

ಅವಳು ಗುಂಡಿಯನ್ನು ನೋಡಿದಳು, ನಾಯಿಯ ಉದ್ದನೆಯ ಮುಂಗಾಲುಗಳನ್ನು ನೋಡಿದಳು.

"ಸಾಲ್ದು. ಸೊಂಟದವರೆಗೆ ತೋಡಿ" ಎಂದು ಹೇಳಿ ಒಳಗೆ ಹೋದಳು.